ಶಾಲಿಗೆ ಅಂಜಿದ ಮಾಮಾ

ನಮ್ಮ ಮಾಮಾ, ಅಂದರೆ ನಮ್ಮವ್ವನ ಒಬ್ಬನೇ ತಮ್ಮ, ಈ ಜಗತ್ತಿನಲ್ಲಿ ಹೆದರುತ್ತಿದ್ದುದು ಒಂದೇ ಒಂದು ವಸ್ತುವಿಗೆ. ಅದು ಯಾವುದೆಂದು ಊಹಿಸಲು ಹೋಗಬೇಡಿ, ಸುಮ್ಮನೆ ತಲೆ ಕೆಡಿಸಿಕೊಳ್ಳುತ್ತೀರಿ. ಹಾವು ಕಂಡರೆ "ಹೋಗಪಾ ಅತ್ಲಾಗ" ಎಂದು ಮಾತಾಡಿಸಿ ಕಳಿಸುವ ಗಂಡಸು ಅವನು. ಪೊಲೀಸರು, ಇಂಜೆಕ್ಷನ್ನು, ದೆವ್ವ, ಕೊನೆಗೆ ನಮ್ಮ ಮಾಮಿಯ ಬಾಯಿ, ಯಾವುದಕ್ಕೂ ಅವನ ಎದೆ ಅಳುಕಿದ್ದನ್ನು ನಾನು ಕಂಡಿಲ್ಲ. ಆದರೆ ಶಾಲು! ಪ್ಲಾಸ್ಟಿಕ್ ಚೀಲದಿಂದ ಹೊರತೆಗೆದು, ಕೊಡವಿ, ಫೋಟೋದವನ ಕಡೆ ಮುಖ ಮಾಡಿ ಹೆಗಲಿಗೆ ಹೊದಿಸುತ್ತಾರಲ್ಲ, ಜರಿ ಅಂಚಿನ ಆ ಸನ್ಮಾನದ ಶಾಲು, ಅದನ್ನು ಕಂಡರೆ ಸಾಕು, ಮಾಮನ ಕೈಕಾಲು ತಣ್ಣಗಾಗುತ್ತಿದ್ದವು.

ನಗಬೇಡಿ. ನಾನೂ ಮೊದಲು ನಕ್ಕವಳೇ. ಆಮೇಲೆ ನನಗೂ ಅಂಜಿಕೆ ಹತ್ತಿತು. ಅದು ಹೇಗೆ ಹತ್ತಿತೆಂದು ಹೇಳುತ್ತೇನೆ.

ರಾಣೆಬೆನ್ನೂರಿನ ನಮ್ಮ ಓಣಿಯಲ್ಲಿ, ಮನೆಗೆ ಅಂಟಿಕೊಂಡೇ, ಮಾಮನದೊಂದು ಹಿಟ್ಟಿನ ಗಿರಣಿ ಇತ್ತು. ಬೆಳಗಾದರೆ ಜೋಳ, ಗೋಧಿ, ಕಡಲೆಬೇಳೆ ಬೀಸುವುದು. ಮೀಸೆ, ಹುಬ್ಬು, ಕಿವಿಯ ಮೇಲಿನ ಕೂದಲು ಎಲ್ಲವೂ ಬಿಳಿ. ಅವನ ನಿಜವಾದ ವಯಸ್ಸು ಸ್ನಾನ ಆದ ಮೇಲಷ್ಟೇ ತಿಳಿಯುತ್ತಿತ್ತು. ಗಿರಣಿ ನಿಂತರೆ ಪೇಟಿ. ಪೇಟಿ ಎಂದರೆ ಹಾರ್ಮೋನಿಯಂ, ನಮ್ಮ ಕಡೆ ಅದನ್ನು ಕರೆಯುವುದೇ ಹಾಗೆ. ಅದನ್ನು ನುಡಿಸುವುದರಿಂದ ಊರಿಗೆಲ್ಲ ಅವನು ಪೇಟಿ ಮಾಸ್ತರ. ಗಿರಣಿ ಬೇರೆ, ಪೇಟಿ ಬೇರೆ ಎಂದು ಅವನಿಗೆ ಯಾವತ್ತೂ ಅನಿಸಿದ್ದಿಲ್ಲ.

"ನಮ್ಮ ಗಿರಣಿ ಕರಿ ನಾಕರಾಗ ಹಾಡ್ತೈತಿ ನೋಡವಾ. ಗೋಧಿ ಹಾಕಿದ್ರ ಮಾತ್ರ ಸ್ವಲ್ಪ ಇಳೀತೈತಿ" ಎನ್ನುತ್ತಿದ್ದ. ಕರಿ ನಾಕು ಎಂದರೆ ಪೇಟಿಯ ನಾಲ್ಕನೆಯ ಕಪ್ಪು ಮನೆ ಒತ್ತಿದರೆ ಬರುವ ಸುರ. ಗಿರಣಿಯ ಆ ಗುಂಯ್ ಸದ್ದಿಗೆ ತನ್ನ ಸುರ ಕೂಡಿಸಿ ಹಾಡುತ್ತ ಹಿಟ್ಟು ಬೀಸುತ್ತಿದ್ದ. ಒಮ್ಮೆ ಒಬ್ಬ ಹೆಂಗಸು ಜೋಳದ ಬುಟ್ಟಿ ಹೊತ್ತು ಮಟಮಟ ಬಿಸಿಲಲ್ಲಿ ಬಂದರೆ, "ಇವತ್ತ ಬೆಲ್ಟ್ ಬೇಸುರ ಆಗೇತಿ, ನಾಳೆ ಬಾರವಾ" ಎಂದು ವಾಪಸು ಕಳಿಸಿದ್ದ! ಅವಳು ಓಣಿಯ ತುದಿ ಮುಟ್ಟುವವರೆಗೂ ಅವನ ವಂಶವನ್ನು ಬೈಯುತ್ತಲೇ ಹೋದಳು. ಮರುದಿನ ಮಾತ್ರ ಅವಳೇ ಮೊದಲು ಬಂದು ನಿಂತಿದ್ದಳು.

ಮಾಮನ ಪೇಟಿ ಎಲ್ಲೆಲ್ಲಿಗೆ ಹೋಗುತ್ತಿತ್ತು ಎಂದು ಕೇಳಿದರೆ, ಎಲ್ಲಿಗೆ ಹೋಗುತ್ತಿರಲಿಲ್ಲ ಎನ್ನುವುದೇ ಸುಲಭ. ಕೂಸಿನ ತೊಟ್ಟಿಲು, ಶಾಲೆಯ ಗ್ಯಾದರಿಂಗು, ಶ್ರಾವಣದ ಭಜನಿ, ದೊಡ್ಡಾಟದ ತಾಲೀಮು, ಎಲ್ಲಕ್ಕೂ ಪೇಟಿ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಸಾವಿನ ಮನೆಗೆ ಬೇಕು. ನಮ್ಮಲ್ಲಿ ಸತ್ತವರನ್ನು ಗೋಡೆಗೆ ಆನಿಸಿ ಕೂಡಿಸಿ, ಹಣೆ ತುಂಬ ವಿಭೂತಿ ಬಳಿದು, ಹೂವು ಹಾಕಿ, ಪರವೂರಿನ ಬೀಗರು ಬಿಜ್ಜರು ಬಂದು ಸೇರುವವರೆಗೆ ಅವರೆದುರು ನೆಲದ ಮೇಲೆ ಕೂತು ಭಜನೆ ಮಾಡುತ್ತಾರೆ. ಆಮೇಲೆ ಭಜನೆಯ ಮಂದಿ ಹಾಡುತ್ತಲೇ ಮುಂದೆ ನಡೆಯಬೇಕು. ಆಗ ಮಾಮಾ ಪೇಟಿಯ ಎರಡು ಕಡಗಗಳಿಗೆ ಮಾಮಿಯ ಹಳೆಯ ಸೀರೆಯ ಪಟ್ಟಿ ಕಟ್ಟಿ, ಕೊರಳಿಗೆ ಹಾಕಿಕೊಂಡು, ಮಸಣದವರೆಗೂ ಬಾರಿಸುತ್ತ ಹೋಗುತ್ತಿದ್ದ. ನಮ್ಮ ಓಣಿಯಲ್ಲಿ ಅವನ ಪೇಟಿ ಇಲ್ಲದೆ ಸತ್ತವರು ಯಾರೂ ಇಲ್ಲ! ಸಾವಿಗೆ ಯಾರನ್ನೂ ಕರೆಯುವುದಿಲ್ಲ, ಕೇಳಿದವರು ತಾವೇ ಹೋಗುವುದು. ಆದರೆ ಪೇಟಿಗೆ ಮಾತ್ರ ಕರೆ ಬರಬೇಕು. ಮನೆಯವರ ಕರೆ ಇಲ್ಲದೆ ಪೇಟಿ ಹೊಸ್ತಿಲು ದಾಟುವಂತಿಲ್ಲ, ಅದು ಪದ್ಧತಿ.

ಕರೆ ಎಂದರೆ ಹೇಗೆಂದುಕೊಂಡಿರಿ? ಅಕ್ಷತೆ ಕೊಟ್ಟು ಕರೆಯುವುದಲ್ಲ. ಗಿರಣಿಯ ಎದುರಿನ ಚರಂಡಿಯ ಮೇಲೊಂದು ಹಾಸುಗಲ್ಲು ಇತ್ತು. ಅದರ ಮೇಲೆ ನಿಂತು ಒದರುವುದು. ಈ ಒದರುವ ವಿದ್ಯೆಯಲ್ಲಿ ಮೂಲೆಮನೆಯ ಆಯಿಯನ್ನು ಮೀರಿಸಿದವರಿಲ್ಲ. ಬಾಯಿಯಲ್ಲಿ ಹಲ್ಲಿಲ್ಲ, ಆದರೆ ಗಿರಣಿಯ ಸದ್ದನ್ನು ಸೀಳಿಕೊಂಡು ಬರುವ ದನಿ.

"ಏ ಪೇಟಿಯಾ! ಸತ್ತೀಯೋ ಬದುಕೀಯೋ? ಮರಿಮೊಮ್ಮಗಳ ತೊಟ್ಲಾ ಐತಿ, ಬಾ ಹೊರಗ!"

ಮಾಸ್ತರ ಇಲ್ಲ, ರೀ ಇಲ್ಲ, ಸ್ವಲ್ಪವೂ ನಾಚಿಕೆ ಇಲ್ಲ! ಆ ಕೂಗು ಕೇಳಿದರೆ ಮಾಮನ ಹಿಟ್ಟು ಮೆತ್ತಿದ ಮುಖ ಅರಳುತ್ತಿತ್ತು. ಆಯಿ ತನ್ನ ಸಾವಿಗೂ ಅವನನ್ನು ಮುಂಗಡವಾಗಿ ಗೊತ್ತುಮಾಡಿಟ್ಟಿದ್ದಳು.

"ನಾ ಸತ್ತ ದಿನಾ ಚೊಲೋತಂಗ ಬಾರಸ್ಬೇಕು. ಒಂದು ಸುರಾ ತಪ್ಪಿದ್ರೂ ಎದ್ದು ಬರ್ತೇನಿ ಮತ್ತ!"

"ಎದ್ದು ಬಂದ್ರ ಚೊಲೋನ ಆತಲ್ಲ ಆಯಿ. ನನ್ನ ಪೇಟಿಗೆ ಸತ್ತವ್ರೂ ಏಳ್ತಾರಂತ ಮಂದಿ ಅಂತಾರ."

"ಏಳೂದು ನಿನ್ನ ಕಿವಿ ಹಿಂಡಾಕೋ ಮೂಳಾ!"

ಇಂಥ ಮನುಷ್ಯನಿಗೆ ಶಾಲಿನ ಭಯ ಯಾಕೆ ಬಂತು? ಸುಮ್ಮನೆ ಬಂದದ್ದಲ್ಲ. ಅವನ ಹತ್ತಿರ ಪುರಾವೆಗಳಿದ್ದವು.

ಬ್ಯಾಡಗಿಯಲ್ಲಿ ಸನಾದಿ ಊದುವ ಅವನ ಗೆಳೆಯನೊಬ್ಬನಿದ್ದ. ಮದುವೆಯ ಸೀಸನ್ನಿನಲ್ಲಿ ಊಟಕ್ಕೂ ಪುರುಸೊತ್ತಿಲ್ಲದಷ್ಟು ಕರೆ. ಯಾರೋ ಪುಣ್ಯಾತ್ಮರು ಅವನಿಗೊಂದು ಶಾಲು ಹೊದಿಸಿದರು. ಅಲ್ಲಿಗೆ ಮುಗಿಯಿತು! ಅವರು ಈಗ ಸನ್ಮಾನ ಆದವರು, ನಮ್ಮಂಥ ಬಡವರ ಮದುವೆಗೆ ಬರುತ್ತಾರೆಯೇ ಎಂದು ಮಂದಿ ಕರೆಯುವುದನ್ನೇ ಬಿಟ್ಟರು. ಮರುವರ್ಷ ತನ್ನದೇ ಸಂಬಂಧಿಕರ ಮದುವೆಯಲ್ಲಿ ಅವನನ್ನು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂಡಿಸಿ ಸನಾದಿಯ ಕ್ಯಾಸೆಟ್ ಹಾಕಿದ್ದರಂತೆ. ಅದೂ ಅವನೇ ಊದಿದ ಕ್ಯಾಸೆಟ್ಟು! ಅವನು ಮಾಮನ ಮುಂದೆ ಇದನ್ನು ಹೇಳಿಕೊಂಡು ಅತ್ತನಂತೆ.

ಕುಪ್ಪೇಲೂರಿನ ಕಥೆ ಬೇರೆ. ಅಲ್ಲಿ ದೊಡ್ಡಾಟದಲ್ಲಿ ರಾಕ್ಷಸನ ಪಾತ್ರ ಮಾಡುವ ರೈತನಿಗೆ ಶಾಲು ಬಿತ್ತು. ಅದು ನೇರವಾಗಿ ತಲೆಗೇ ಏರಿತು. ಮುಂದಿನ ಆಟದಲ್ಲಿ ರಾಕ್ಷಸ ಶಾಲು ಹೊದ್ದೇ ರಂಗಕ್ಕೆ ಬಂದ. ಯುದ್ಧ ಶುರುವಾಯಿತು. ಭೀಮ ಗದೆ ಎತ್ತಿದ ಕೂಡಲೇ ರಾಕ್ಷಸ ಮೆಲ್ಲಗೆ, "ಲೇ, ಶಾಲಿಗೆ ಬಡೀಬ್ಯಾಡ, ಜರಿ ಕಿತ್ತೀತು" ಎಂದನಂತೆ. ಭೀಮ ಗದೆ ಬಿಸಾಕಿ ಮನೆಗೆ ಹೋದ. ರಾಕ್ಷಸ ಸಾಯದೆ ಆಟ ಮುಗಿದದ್ದು ಆ ಊರಿನ ಇತಿಹಾಸದಲ್ಲಿ ಅದೇ ಮೊದಲು.

ಮೂರನೆಯದನ್ನು ಹೇಳುವಾಗ ಮಾಮಾ ದನಿ ತಗ್ಗಿಸುತ್ತಿದ್ದ. ಕಾಗಿನೆಲೆ ಕಡೆಯ ಒಬ್ಬ ಹಾಡುಗಾರ ಮುದುಕನನ್ನು ಹಾಸಿಗೆಯಿಂದ ಎಬ್ಬಿಸಿಕೊಂಡು ಹೋಗಿ ಸನ್ಮಾನ ಮಾಡಿದರಂತೆ. ಆ ಶಾಲಿನ ಮಡಿಕೆ ಮಾಸುವುದರೊಳಗೆ ಆತ ತೀರಿಕೊಂಡ. ಭಜನೆಗೆ ಹೋದ ಮಾಮಾ ನೋಡುತ್ತಾನೆ, ಹೆಣದ ಮೇಲೆ ಅದೇ ಶಾಲು!

"ಶಾಲು ಯಾಕ ಹೊಚ್ಚತಾರ ಗೊತ್ತೇನವಾ?" ಎಂದು ನನ್ನನ್ನು ಕೇಳಿದ. "ಅಳತಿ ನೋಡಾಕ."

ನನ್ನ ನಗು ಅಲ್ಲಿಗೇ ನಿಂತಿತು. ನಾನು ಬ್ಯಾಡಗಿಯ ಹೈಸ್ಕೂಲಿನಲ್ಲಿ ಟೀಚರು, ದಿನಾ ಬಸ್ಸಿನಲ್ಲಿ ಓಡಾಡುವವಳು. ಮೆಣಸಿನಕಾಯಿ ಸೀಸನ್ನಿನಲ್ಲಿ ಇಡೀ ಬಸ್ಸು ಸೀನುವಾಗ ನಾನೂ ಸೀನುತ್ತ, ಮಾಮನ ಪುರಾವೆಗಳಲ್ಲಿ ಎಲ್ಲಿ ತಪ್ಪಿದೆ ಎಂದು ಹುಡುಕುತ್ತಿದ್ದೆ. ಸಿಗುತ್ತಿರಲಿಲ್ಲ. ಆದರೂ ಟೀಚರಲ್ಲವೇ, ಸುಮ್ಮನಿರಲು ಬರುತ್ತದೆಯೇ?

"ಕಲಾವಿದರಿಗೆ ಗೌರವ ಕೊಡೂದು ತಪ್ಪೇನ್ರಿ ಮಾಮಾ?" ಎಂದು ಒಮ್ಮೆ ವಾದಕ್ಕಿಳಿದೆ.

"ಕೊಡ್ಲಿ, ಯಾರು ಬ್ಯಾಡಂದ್ರು? ಆದ್ರ ಎತ್ತಿ ಮ್ಯಾಲ ಇಡಬಾರದು. ದೇವ್ರಿಗೆ ಏನ್ಮಾಡ್ಯಾರ ನೋಡು. ನೀ ದೊಡ್ಡಾಂವ, ನೀ ದೊಡ್ಡಾಂವ ಅಂದು ಗುಡ್ಯಾಗ ಕುಂದ್ರಿಸಿ ಕೀಲಿ ಹಾಕ್ಯಾರ. ಊಟದ ಪಂಕ್ತ್ಯಾಗ ಯಾರರ ದೇವ್ರ ಬಾಜೂಕ ಕುಂತು ಚಟ್ನಿ ನೀಡಪಾ ಅಂತ ಕೇಳ್ತಾರೇನು?"

ಮಾಮಿಗೆ ಈ ತತ್ವಜ್ಞಾನ ಹಿಡಿಸುತ್ತಿರಲಿಲ್ಲ. "ಇಡೀ ಓಣಿ ಬಾರಸ್ಕೊಂಡು ಒಂದು ಕಪ್ ಚಾ ಕುಡಿಸಿ ಕಳಸ್ತೈತಿ. ಒಂದರ ಶಾಲು ಬರ್ಲಿ ಮನಿಗೆ. ಇವ್ರಿಗೆ ಬ್ಯಾಡಾದ್ರ ಚಳ್ಯಾಗ ನಾ ಹೊಚಗೋತೇನಿ!" ಎನ್ನುತ್ತಿದ್ದಳು. ಅವಳ ಮಾತಿನಲ್ಲೂ ಸತ್ಯವಿರಲಿಲ್ಲವೇ? ಇತ್ತು. ಜೀವಮಾನವೆಲ್ಲ ಗಂಡ ಊರಿಗೆ ಬಾರಿಸಿದ, ಅವಳ ಹೆಸರನ್ನು ಯಾರಾದರೂ ಒಮ್ಮೆ ಮೈಕಿನಲ್ಲಿ ಹೇಳಲಿ ಎಂದು ಅವಳಿಗೆ ಆಸೆ. ಇಬ್ಬರ ನಡುವೆ ನಾನು ಅತ್ತಲೂ ಇತ್ತಲೂ ತಲೆಯಾಡಿಸುತ್ತಿದ್ದೆ.

ಹಾವೇರಿ ಜಿಲ್ಲೆಯಾಗಿ ಇನ್ನೂ ಬಹಳ ವರ್ಷಗಳಾಗಿರಲಿಲ್ಲ. ಹೊಸ ಜಿಲ್ಲೆ ಎಂದ ಮೇಲೆ ಸಮಾರಂಭಗಳು ಬೇಕು, ಸಮಾರಂಭವೆಂದರೆ ಕಲಾವಿದರು ಬೇಕು. ಬೇಕಾದಷ್ಟು ಕಲಾವಿದರು ಎಲ್ಲಿಂದ ಬರಬೇಕು? ಹುಡುಕಿ ಹಿಡಿಯಬೇಕು! ಹಾಗೆ ಹಿಡಿಯಲೆಂದೇ ಒಂದು ಕಲಾ ಬಳಗ ಹುಟ್ಟಿತ್ತು. ಅದರ ಅಧ್ಯಕ್ಷರು ಬೀಜದ ವ್ಯಾಪಾರಿಗಳು. ಒಂದು ಮಧ್ಯಾಹ್ನ ಅವರು ಖಾದಿ ಜುಬ್ಬಾ ತೊಟ್ಟು, ಹಿಂಬಾಲಕರನ್ನು ಕಟ್ಟಿಕೊಂಡು, ಕಾರಿನಲ್ಲಿ ನಮ್ಮ ಓಣಿಗೆ ಬಂದರು. ನಾನು ಆಗ ಗಿರಣಿಯಲ್ಲೇ ಇದ್ದೆ, ಗೋಧಿ ಬೀಸಿಸಲು ಹೋಗಿದ್ದೆ.

ಕಾರು ಕಂಡಿದ್ದೇ ಮಾಮನ ಮುಖದ ಬಣ್ಣ ಹಾರಿತು. ಹಿಟ್ಟಿನ ಕೆಳಗೂ ಅದು ಕಾಣಿಸಿತು ಎಂದರೆ ನೀವು ನಂಬಬೇಕು. ತಕ್ಷಣ ಗಿರಣಿ ಚಾಲೂ ಮಾಡಿದ. ಒಳಗೆ ಒಂದು ಕಾಳಿಲ್ಲ, ಖಾಲಿ ಗಿರಣಿ ಗರಗರ ತಿರುಗುತ್ತಿದೆ! ಅಧ್ಯಕ್ಷರು ಏನೋ ಅಂದರು. ಮಾಮಾ ಕಿವಿ ಮುಟ್ಟಿ, ಕೈಯಾಡಿಸಿ, ಏನೂ ಕೇಳುತ್ತಿಲ್ಲ ಎಂದು ತೋರಿಸಿದ. ಅವರು ಒದರಿದರು. ಇವನು ಬೆಲ್ಟಿಗೆ ಎಣ್ಣೆ ಬಿಡುವವನಂತೆ ಬೆನ್ನು ತಿರುಗಿಸಿದ. ಅವರೆಲ್ಲ ಸುಸ್ತಾಗಿ ಇನ್ನೇನು ಕಾರು ಹತ್ತಬೇಕು, ಕರೆಂಟು ಹೋಯಿತು!

ಗಿರಣಿ ನಿಂತ ಮೇಲೆ ಕೇಳಿಸುತ್ತಿಲ್ಲ ಎಂದು ಕಿವಿ ಮುಟ್ಟುವ ಹಾಗಿರಲಿಲ್ಲ.

"ಮಾಸ್ತರ್ರ, ನಿಮ್ಮನ್ನ ಸನ್ಮಾನ ಮಾಡಬೇಕಂತ ಬಳಗದಾಗ ಠರಾವ್ ಆಗೇತ್ರಿ" ಎಂದರು ಅಧ್ಯಕ್ಷರು. "ನಿಮ್ಮಂಥಾ ಕಲಾವಿದ್ರು ಈ ಹಿಟ್ಟಿನ ಧೂಳ್ಯಾಗ ಇರೂದು ಜಿಲ್ಲಾಕ್ಕ ನಾಚಿಕಿ."

"ಯಾಕ್ರಿ, ಜಿಲ್ಲಾದವ್ರು ರೊಟ್ಟಿ ತಿನ್ನೂದು ಬಿಟ್ಟಾರೇನ್ರಿ?"

"ಹಹಹ! ಕಲಾವಿದ್ರು ಅಂದ್ರ ನಮ್ಮ ನಿಮ್ಮಂಗ ಅಲ್ರಿ. ಅವರ ಬ್ಯಾರೆ."

"ನಾ ಬ್ಯಾರೆ ಅಲ್ರಿ ಸಾಹೇಬ್ರ. ಇದ ಓಣ್ಯಾವ. ಹುಟ್ಟಿದ್ದು ಅಕಾ ಆ ಮನ್ಯಾಗ."

"ನೋಡ್ರಿ, ನೋಡ್ರಿ! ಎಷ್ಟು ವಿನಯ! ದೊಡ್ಡವ್ರ ಲಕ್ಷಣ!" ಎಂದು ಅಧ್ಯಕ್ಷರು ಹಿಂಬಾಲಕರ ಕಡೆ ತಿರುಗಿದರು.

"ವಿನಯ ಅಲ್ರೀ, ಅಂಜಿಕಿ! ಖರೇನ ಅಂಜಿಕಿ! ಹಂಗೂ ಶಾಲು ಹಾಕೂದ ಇದ್ರ ಒಳಗ ನಮ್ಮಾಕಿ ಅದಾಳ, ಆಕಿ ರೊಟ್ಟಿ ಬಡಿಯೂದು ನೋಡ್ರಿ, ನನ್ನ ಪೇಟಿಗಿಂತ ತಾಳ ಚೊಲೋ ಐತಿ. ಆಕಿಗೆ ಹಾಕ್ರಿ. ಮೂಲಿಮನಿ ಆಯಿಗೆ ಹಾಕ್ರಿ. ಓಣಿಗೆಲ್ಲಾ ಒಂದೊಂದು ಹಾಕ್ರಿ, ನಾನೂ ಸಾಲಿನ್ಯಾಗ ನಿಂದರ್ತೇನಿ. ನನಗೊಬ್ಬಗ ಬ್ಯಾಡ್ರಿ."

ಅವರು ಇನ್ನೂ ಜೋರಾಗಿ ನಕ್ಕರು. ಅವನು ಬೇಡ ಎಂದಷ್ಟೂ ದೊಡ್ಡವನಾಗುತ್ತ ಹೋದ. ಇದಕ್ಕಿಂತ ಭಯಂಕರ ಬಲೆ ಬೇರೆ ಇದೆಯೇ ಹೇಳಿ! ಒಪ್ಪಿದರೆ ಸನ್ಮಾನ, ಒಪ್ಪದಿದ್ದರೆ ವಿನಯವಂತನೆಂದು ಇನ್ನೂ ದೊಡ್ಡ ಸನ್ಮಾನ. ಅಷ್ಟರಲ್ಲಿ ಮಾಮಿ ಚಹಾದ ಕಪ್ಪುಗಳನ್ನು ಹಿಡಿದು ಹೊರಬಂದು, "ಬರ್ತಾರ, ಬರ್ತಾರ. ನಾ ಕರ್ಕೊಂಡು ಬರ್ತೇನ್ರಿ" ಎಂದು ಮಾತು ಕೊಟ್ಟೇಬಿಟ್ಟಳು.

ಆಮೇಲಿನ ದಿನಗಳಲ್ಲಿ ಮಾಮಾ ಅರ್ಧ ರೊಟ್ಟಿಗೆ ಇಳಿದ. ಮಲಗಿದರೆ ಮಾಮಿ ಮೈಮೇಲೆ ಹೊದಿಕೆ ಎಳೆಯುವ ಹಾಗಿಲ್ಲ, ಬೆಚ್ಚಿ ಎದ್ದು ಕೂಡುತ್ತಿದ್ದ. ಕೊನೆಗೆ ನನ್ನನ್ನು ಕರೆದುಕೊಂಡು ಕದರಮಂಡಲಗಿಗೆ ಹೋಗಿ ಆಂಜನೇಯನ ಮುಂದೆ ಕೈಮುಗಿದು ನಿಂತ. "ಶಾಲು ತಪ್ಪಸಪಾ ತಂದಿ, ಶ್ರಾವಣ ಪೂರ್ತಿ ಬಂದು ಬಾರಸ್ತೇನಿ" ಎಂದು ಹರಕೆ. ಪೂಜಾರರು ಗುರುತು ಹಿಡಿದು, "ಓಹೋ ಮಾಸ್ತರ್ರ, ನಿಂದರ್ರಿ ನಿಂದರ್ರಿ" ಎನ್ನುತ್ತ ಏನನ್ನೋ ತರಲು ಒಳಗೆ ಹೋದರು. ಅಷ್ಟೇ, ಮಾಮಾ ಚಪ್ಪಲಿಯನ್ನೂ ಬಿಟ್ಟು ಬಸ್ ಸ್ಟ್ಯಾಂಡಿನತ್ತ ಓಡಿದ! ಪೂಜಾರರು ತಂದದ್ದು ಬಾಳೆಹಣ್ಣು. ಎರಡು ಜೊತೆ ಚಪ್ಪಲಿ, ಬಾಳೆಹಣ್ಣು ಹಿಡಿದು ನಾನು ಅವನ ಹಿಂದೆ ಓಡಿದೆ.

ಆಂಜನೇಯ ಏನೂ ಮಾಡಲಿಲ್ಲ. ಹಾವೇರಿಯ ಸಭಾಭವನದ ದಿನ ಬಂದೇ ಬಂತು.

ಮಾಮಾ ಪೇಟಿಯನ್ನು ಚಾದರದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡೇ ಬಸ್ಸಿನಲ್ಲಿ ಕೂತಿದ್ದ. "ಬಾರಸ್ತೇನಿ, ಬರ್ತೇನಿ. ಬಾರಸೂಮುಂದ ಯಾರೂ ಶಾಲು ಹಾಕಾಕ ಬರೂದಿಲ್ಲ" ಎಂದು ಧೈರ್ಯ ತಂದುಕೊಳ್ಳುತ್ತಿದ್ದ. ಸಭಾಭವನದ ಬಾಗಿಲಲ್ಲೇ ಎದೆಗೆ ಬ್ಯಾಡ್ಜು ಹಚ್ಚಿಕೊಂಡ ಒಬ್ಬ ಕಾರ್ಯಕರ್ತ ಪೇಟಿಗೆ ಕೈ ಹಾಕಿದ.

"ಇದನ್ಯಾಕ ತಂದ್ರಿ ಮಾಸ್ತರ್ರ? ನೀವು ಇವತ್ತ ಬಾರಸೂಹಂಗಿಲ್ಲ. ನೀವು ಗಣ್ಯರು!"

"ಮತ್ತ ಬಾರಸೂದು ಯಾವಾಗರಿ?"

"ಟೈಮ್ ಎಲ್ಲೈತ್ರಿ? ಭಾಷಣ ಅದಾವ. ಇದು ಭದ್ರ ಇರ್ಲಿ" ಎಂದವನೇ ಪೇಟಿಯನ್ನು ಪಕ್ಕದ ಖೋಲಿಯಲ್ಲಿಟ್ಟು ಕೀಲಿ ಹಾಕಿ, ಕೀಲಿಯನ್ನು ಜೇಬಿಗೆ ಇಳಿಸಿದ.

ಮಾಮಾ ನನ್ನ ಮುಖ ನೋಡಿದ. ದೇವರನ್ನು ಗುಡಿಯಲ್ಲಿ ಕೂಡಿಸಿ ಕೀಲಿ ಹಾಕಿದ ಮಾತು ಇಬ್ಬರಿಗೂ ನೆನಪಾಯಿತು. ಮಾಮಿ ಮಾತ್ರ ಇಳಕಲ್ ಸೀರೆಯ ಸೆರಗು ಸರಿಮಾಡಿಕೊಂಡು ಮುಂದಿನ ಸಾಲಿಗೆ ನಡೆದಳು.

ವೇದಿಕೆಯ ಮೇಲೆ ಕಲೆಯ ಬಗ್ಗೆ ಮಾತಾಡಿದವರಲ್ಲಿ ಯಾರೊಬ್ಬರೂ ಮಾಮನ ಪೇಟಿ ಕೇಳಿದವರಲ್ಲ. ಕಲಾವಿದ ದೇವರಿಗೆ ಸಮಾನ ಎಂದರು ಒಬ್ಬರು. ಇಂಥವರು ಹಿಟ್ಟು ಬೀಸುವುದು ನಾಡಿನ ದುರ್ದೈವ ಎಂದರು ಅಧ್ಯಕ್ಷರು. ಚಪ್ಪಾಳೆ ಬಿತ್ತು! ಹಿಟ್ಟು ಬೀಸುವ ಇಡೀ ಕುಲಕ್ಕೆ ಮೈಕಿನಲ್ಲಿ ಅವಮಾನ ಮಾಡಿ ಒಬ್ಬನಿಗೆ ಮಾನ ಕೊಟ್ಟ ಹಾಗಾಯಿತು ಎಂದು ಮಾಮಾ ಆಮೇಲೆ ಗೊಣಗಿದ. ಶಾಲು ಬಿಚ್ಚಿದರು. ಅದು ಹತ್ತಿರ ಬಂದಂತೆ ಮಾಮಾ ಕುರ್ಚಿಯಲ್ಲಿ ಹಿಂದೆ ಹಿಂದೆ ಸರಿದ. ಕುರ್ಚಿಗೆ ಬೆನ್ನು ಇತ್ತು, ಇನ್ನೆಲ್ಲಿಗೆ ಸರಿಯಬೇಕು? ಶಾಲು ಬಿತ್ತು. ಪೇಟ ಇಟ್ಟರು, ಅದು ದೊಡ್ಡದಾಗಿ ಕಣ್ಣಿನವರೆಗೆ ಜಾರಿತು. ಕೈಗೆ ಹಣ್ಣಿನ ಬುಟ್ಟಿ. ಫೋಟೋದಲ್ಲಿ ಪೇಟದ ಕೆಳಗೆ ಮೀಸೆ ಮಾತ್ರ ಕಾಣುತ್ತದೆ, ಅದೂ ನಡುಗಿದಂತೆ ಮಸಕು ಮಸಕು. ಮಾಮಿಯ ಹೆಸರನ್ನು ಯಾರೂ ಮೈಕಿನಲ್ಲಿ ಹೇಳಲಿಲ್ಲ.

ಸಭೆ ಮುಗಿದರೂ ಪೇಟಿ ಸಿಗಲಿಲ್ಲ. ಕೀಲಿ ಇದ್ದವನು ಊಟಕ್ಕೆ ಹೋಗಿದ್ದ. ಶಾಲು ಹೊದ್ದು, ಬುಟ್ಟಿ ಹಿಡಿದು, ಕೀಲಿ ಹಾಕಿದ ಬಾಗಿಲ ಮುಂದೆ ಮಾಮಾ ನಿಂತೇ ಇದ್ದ. ಹೋಗಿಬರುವವರೆಲ್ಲ ಅವನಿಗೆ ಕೈಮುಗಿದು ಹೋಗುತ್ತಿದ್ದರು.

ಲೋಕಲ್ ಕೇಬಲ್ಲಿನವರು ಆ ಸನ್ಮಾನವನ್ನು ಮತ್ತೆ ಮತ್ತೆ ತೋರಿಸಿದರು. ಮಾಮನ ಭಯ ಒಂದೊಂದಾಗಿ ಖರೇ ಆಗುತ್ತ ಬಂತು. ಮೊದಲು ಬಂದದ್ದು 'ರೀ'. ನಿನ್ನೆಯವರೆಗೆ ಹೋಗೋ ಬಾರೋ ಎಂದವರೆಲ್ಲ ಒಮ್ಮೆಲೇ ಬರ್ರಿ, ಕುಂದರ್ರಿ ಎನ್ನತೊಡಗಿದರು. ಕಲಾವಿದರ ಕೈಯಲ್ಲಿ ಜೋಳ ಬೀಸಿಸುವುದು ಸರಿಯಲ್ಲವೆಂದು ನಾಲ್ಕಾರು ಮನೆಯವರು ದೂರದ ಗಿರಣಿಗೆ ಬುಟ್ಟಿ ಹೊತ್ತರು, ಪಾಪ, ಗೌರವದಿಂದ! ತೊಟ್ಟಿಲಿಗೆ ಕರೆದವರು ಮಾಮನಿಗೆ ಮುಂದೆ ಕುರ್ಚಿ ಹಾಕಿ ಸೀಡಿ ಹಚ್ಚಿದರು. ಶಾಲೆಯ ಗ್ಯಾದರಿಂಗಿಗೆ ಮುಖ್ಯ ಅತಿಥಿ ಮಾಡಿದರು, ಪೇಟಿ ಮಾತ್ರ ತರಬೇಡಿ ಎಂದರು.

ಮಾಮಿಗೂ ಪಾಲು ಬಂತು. ನಲ್ಲಿಯ ಹತ್ತಿರ ಹೆಂಗಸರು ಅವಳಿಗೆ ಸಾಲು ಬಿಟ್ಟುಕೊಟ್ಟು ಸರಿದು ನಿಂತರು. ಮೊದಮೊದಲು ಅವಳು ಉಬ್ಬಿದಳು. ಆಮೇಲೆ ಗೊತ್ತಾಯಿತು, ಕೊಡ ಲಗೂ ತುಂಬುತ್ತದೆ, ಆದರೆ ಓಣಿಯ ಸುದ್ದಿ ಒಂದೂ ಕಿವಿಗೆ ಬೀಳುವುದಿಲ್ಲ! ಅವಳು ಶಾಲನ್ನು ಮಡಿಸಿ ಟ್ರಂಕಿನ ತಳಕ್ಕೆ ಹಾಕಿದಳು. ಸನ್ಮಾನದ ಮಾತನ್ನು ಅವಳೂ ಆಮೇಲೆ ಎತ್ತಲಿಲ್ಲ.

ಬದಲಾಗದೆ ಉಳಿದವಳು ಆಯಿ ಒಬ್ಬಳೇ. ಸನ್ಮಾನದ ಮರುದಿನವೇ ಹಾಸುಗಲ್ಲಿನ ಮೇಲೆ ನಿಂತು, "ಏ ಪೇಟಿಯಾ! ಶಾಲು ಹೊಚ್ಚಿದ್ರಂತ, ಚಳಿ ಬಿಡ್ತೇನೋ?" ಎಂದು ಕೂಗಿದ್ದಳು. ಆ ದಿನ ಮಾಮಾ ಎರಡು ರೊಟ್ಟಿ ಹೆಚ್ಚು ತಿಂದ. ಆದರೆ ಮಳೆಗಾಲ ಶುರುವಾಗುವ ಹೊತ್ತಿಗೆ ಆಯಿ ಹಾಸಿಗೆ ಹಿಡಿದಳು. ಹಾಸುಗಲ್ಲು ಬಿಕೋ ಎಂದಿತು. ಮಾಮಾ ಗಿರಣಿಯಲ್ಲಿ ಒಂದು ಕಿವಿಯನ್ನು ಬೀದಿಯ ಕಡೆಗೇ ಇಟ್ಟುಕೊಂಡು ನಿಲ್ಲುತ್ತಿದ್ದ. ಯಾರ ಮನೆಯಲ್ಲಿ ಸದ್ದಾದರೂ ಬೆಲ್ಟು ನಿಲ್ಲಿಸಿ ಕೇಳುತ್ತಿದ್ದ.

"ಆಯಿ ಹೋದ್ರ ನನ್ನ ಯಾರು ಒದರಿ ಕರೀತಾರವಾ?" ಎಂದು ಒಮ್ಮೆ ನನ್ನನ್ನು ಕೇಳಿದ. ನನಗೆ ನಿಜವಾಗಿ ಭಯವಾದದ್ದು ಆಗ. ಅಲ್ಲಿಯವರೆಗೆ ನಾನು ಅವನ ಭಯವನ್ನು ನೋಡುತ್ತಿದ್ದೆ, ಅವತ್ತು ಅದು ನನ್ನೊಳಗೇ ಬಂದು ಕೂತಿತು. ಈ ಮನುಷ್ಯ ಬದುಕಿರುವಾಗಲೇ ಓಣಿ ಇವನನ್ನು ಗೋಡೆಗೆ ಆನಿಸಿ ಕೂಡಿಸಿ ಹೂವು ಹಾಕಿಬಿಟ್ಟಿದೆಯಲ್ಲ ಎನಿಸಿತು.

ಒಂದು ಭಾನುವಾರ ಬೆಳಿಗ್ಗೆ ಆಯಿ ತೀರಿಕೊಂಡಳು. ನಾನು ಮಾಮನ ಮನೆಗೆ ಓಡಿ ಬಂದೆ. ಅವನು ಆಗಲೇ ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು, ಪೇಟಿಯನ್ನು ಒರೆಸಿ, ಕಟ್ಟೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಕರೆಗೆ ಕಾಯುತ್ತಿದ್ದ. ಓಣಿಯ ಮಂದಿಯೆಲ್ಲ ಮೂಲೆಮನೆಗೆ ಹೋದರು. ಕರೆ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಆ ಮನೆಯಿಂದ ಭಜನೆಯ ಸದ್ದು ಕೇಳಿತು. ಸೀಡಿ! ಯಾವುದೋ ಊರಿನ ಯಾರೋ ಹಾಡಿದ್ದು, ಧ್ವನಿವರ್ಧಕದಲ್ಲಿ.

ಆಯಿಯ ಹಿರಿಯ ಮಗ ಹೂವು ತರಲು ಹೊರಟವನು ಮಾಮನನ್ನು ಕಂಡು ನಿಂತ. ಕಣ್ಣು ಕೆಂಪಾಗಿದ್ದವು. ಎರಡೂ ಕೈ ಜೋಡಿಸಿದ.

"ನಿಮಗ ಹೇಳಿ ಕಳಸ್ಬೇಕಂತಿದ್ದೆ. ನಿಮ್ಮಂಥಾ ದೊಡ್ಡ ಕಲಾವಿದ್ರನ್ನ ನೆಲದ ಮ್ಯಾಲ ಹೆಂಗ ಕುಂದ್ರಸೂದ್ರಿ? ಕುರ್ಚಿ ಹಾಕ್ಸೇನಿ. ಬಂದು ದರ್ಶನಾ ತಗೋರಿ ಸಾಕು."

ಅವನ ಮಾತಿನಲ್ಲಿ ಕೊಂಕಿರಲಿಲ್ಲ, ಪೂರ್ತಿ ಭಕ್ತಿಯೇ ಇತ್ತು. ಮಾಮಾ ಹೂಂ ಎಂದ. ಅವನು ಹೋದ ಮೇಲೆ ಮಾಮಾ ಒರೆಸಿಟ್ಟ ಪೇಟಿಯ ಮುಚ್ಚಳವನ್ನೇ ಇನ್ನೊಮ್ಮೆ ಒರೆಸಿದ. "ಕರೀಲಿಲ್ಲಲ್ಲವಾ" ಎಂದ. ಅಷ್ಟೇ ಅಂದ.

ನಾನು ಆಗ ಏನು ಮಾಡಿದೆನೋ ಅದನ್ನು ಈಗ ಬರೆಯುವಾಗಲೂ ಕೈ ಬೆವರುತ್ತದೆ. ನಾನು ಹೈಸ್ಕೂಲ್ ಟೀಚರು. ಮಕ್ಕಳಿಗೆ ಹಿರಿಯರನ್ನು ಹೇಗೆ ಮಾತಾಡಿಸಬೇಕೆಂದು ಪಾಠ ಹೇಳುವವಳು. ಹುಟ್ಟಿದಾರಭ್ಯ ಮಾಮನಿಗೆ 'ರೀ' ಹಚ್ಚದೆ ಮಾತಾಡಿದವಳಲ್ಲ. ಸೀದಾ ಹೋಗಿ ಹಾಸುಗಲ್ಲಿನ ಮೇಲೆ ನಿಂತೆ. ಆಯಿಯ ಪರವಾಗಿ, ಅವಳದೇ ಮಾತಿನಲ್ಲಿ ಒದರಿದೆ.

"ಏ ಪೇಟಿಯಾ! ಸತ್ತೀಯೋ ಬದುಕೀಯೋ? ಆಯಿ ಕುಂತಾಳ, ಬಾ ಹೊರಗ!"

ಮೂಲೆಮನೆಯಿಂದ ಮಂದಿ ಹೊರಗೆ ಬಂದು ನೋಡಿದರು. ಬಾಗಿಲಲ್ಲಿ ಮಾಮಿ ಬಾಯಿ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಮಾಮಾ ನನ್ನನ್ನೇ ನೋಡುತ್ತಿದ್ದ. ಹೊಡೆದರೆ ಹೊಡೆಯಲಿ ಎಂದು ನಾನು ಕಣ್ಣು ಮುಚ್ಚಿದೆ. ತೆರೆದಾಗ ಅವನು ಎದ್ದು ಪೇಟಿಯ ಪಟ್ಟಿ ಹುಡುಕುತ್ತಿದ್ದ. ಇಷ್ಟು ದಿನ ಮುಟ್ಟದೆ ಬಿದ್ದಿದ್ದ ಪಟ್ಟಿಯನ್ನು ಇಲಿ ಕಡಿದು ಚೂರು ಮಾಡಿತ್ತು. ಮಾಮಿ ಒಳಗೆ ಹೋದಳು. ಟ್ರಂಕಿನ ಮುಚ್ಚಳದ ಸದ್ದಾಯಿತು. ಅವಳ ಕೈಯಲ್ಲಿ ಆ ಶಾಲು ಇತ್ತು. ಅದನ್ನು ಹಗ್ಗದಂತೆ ಹೊಸೆದು, ಪೇಟಿಯ ಎರಡೂ ಕಡಗಗಳಿಗೆ ಬಿಗಿಯಾಗಿ ಗಂಟು ಹಾಕಿ, ಗಂಡನ ಕೊರಳಿಗೆ ತಾನೇ ಹಾಕಿದಳು.

"ಅಂಜಬ್ಯಾಡ್ರಿ. ಇದು ನಿಮಗಲ್ಲ, ಪೇಟಿಗೆ" ಎಂದಳು.

ಮಾಮಾ ಮೂಲೆಮನೆಗೆ ಹೋದ. ಯಾರೋ ಸರಿಸಿದ ಕುರ್ಚಿಯನ್ನು ಕಾಲಿನಿಂದ ಅತ್ತ ದೂಡಿ, ಪೇಟಿ ಇಲ್ಲದೆ ಸುಮ್ಮನೆ ಕೂತಿದ್ದ ಭಜನೆಯವರ ನಡುವೆ ಜಾಗ ಮಾಡಿಕೊಂಡು ನೆಲದ ಮೇಲೆ ಕೂತ. "ಆ ಡಬ್ಬಿ ಬಂದ್ ಮಾಡ್ರಲೇ" ಎಂದ. ಸೀಡಿ ನಿಂತಿತು. ಎದುರಿಗೆ ಆಯಿ, ಗೋಡೆಗೆ ಆನಿಸಿ ಕೂಡಿಸಿದ್ದರು, ಹಣೆ ತುಂಬ ವಿಭೂತಿ. ಕಣ್ಣು ಮುಚ್ಚಿ ಕೇಳಲು ಕೂತ ಹಾಗೆಯೇ ಇದ್ದಳು. ಮಾಮಾ ಬಾರಿಸಿದ. ಅಷ್ಟು ದಿನ ಒಳಗೆ ಕೀಲಿ ಹಾಕಿಟ್ಟದ್ದೆಲ್ಲ ಹೊರಗೆ ಬಂತು. ಬೀಗರು ಬಂದು ಸೇರಿದರು. ಇನ್ನು ಎತ್ತಬೇಕು ಎನ್ನುವ ಹೊತ್ತಿಗೆ, ಕೊನೆಯ ಹಾಡಿನ ನಡುವೆ, ಒಂದು ಸುರ ತಪ್ಪಿತು.

ಸುರ ತಿಳಿಯದ ನನಗೂ ಅದು ಗೊತ್ತಾಯಿತು. ಭಜನೆಯವರು ಬೆಚ್ಚಿ ನಿಲ್ಲಿಸಿದರು. ಮಾಮನ ಕೈಯಲ್ಲಿ ಸುರ ತಪ್ಪಿದ್ದನ್ನು ಆ ಓಣಿ ಕಂಡಿರಲಿಲ್ಲ. ಅವನು ತಪ್ಪಿದ ಆ ಸುರವನ್ನು ಹಾಗೇ ಒತ್ತಿ ಹಿಡಿದು, ತಲೆ ಎತ್ತಿ, ಆಯಿಯ ಮುಖವನ್ನೇ ನೋಡುತ್ತ ಕಾಯುತ್ತಿದ್ದ. ನಾನೂ ನೋಡಿದೆ. ದೆವ್ವ ಭೂತ ನಂಬದ ನಾನು, ಆಯಿಯ ಆ ಒಣಗಿದ ಕೈ ಎದ್ದೀತೇನೋ ಎಂದು ಉಸಿರು ಬಿಗಿಹಿಡಿದು ನೋಡಿದೆ.

ಆಯಿ ಏಳಲಿಲ್ಲ.

ಮಾಮಾ ಪೇಟಿಯ ಮೇಲಿನ ಕೈಯನ್ನು ತೆಗೆದು, ತನ್ನ ಕಿವಿಯನ್ನು ತಾನೇ ಗಟ್ಟಿಯಾಗಿ ಹಿಂಡಿಕೊಂಡ. ಆಮೇಲೆ ಕಣ್ಣೊರೆಸಿಕೊಂಡು ಸರಿಯಾದ ಸುರ ಹಿಡಿದ.